ರಸ ತಲುಪದ ಜಾಗ

"ಜಜ್ಜಿ ಹತ್ತು ನಿಮಿಷ ಬಿಟ್ರಾ?" ಎಂದು ಕೇಳುತ್ತಲೇ ಬೆಳ್ಳುಳ್ಳಿ ಬೆಳೆಯುವ ಹೆಂಗಸು ಪ್ರಯೋಗಾಲಯದೊಳಗೆ ಬಂದಳು.

"ನೀವು ಹೇಳಿದ ಮೇಲೆ ಬಿಡದೆ ಇರ್ತೀನಾ ಅಕ್ಕಾ," ಎಂದಳು ಸಂಶೋಧಕಿ.

ಮಿದುಳಿನ ಕ್ಯಾನ್ಸರ್ ಜೀವಕಣಗಳಿಗೆ ಬೆಳ್ಳುಳ್ಳಿ ರಸ ಹಾಕಿ ನೋಡುವುದು ಅವಳ ಕೆಲಸ. ಮೊದಮೊದಲು, ರಸ ಕೆಡದಿರಲೆಂದು, ಜಜ್ಜಿದ ಕೂಡಲೇ ಬಿಸಿಗಿಡುತ್ತಿದ್ದಳು. ಕಣಗಳಿಗೆ ಏನೂ ಆಗುತ್ತಿರಲಿಲ್ಲ. ಮೂಟೆ ಇಳಿಸಲು ಬಂದಿದ್ದ ಈ ಹೆಂಗಸೇ ಅದನ್ನು ಕಂಡು ನಕ್ಕಿದ್ದಳು: "ಇಡೀ ಎಸಳಿಗೆ ಎಲ್ಲಿದೆ ಘಾಟು? ಪೆಟ್ಟು ಬಿದ್ದ ಮೇಲೇ ಅದಕ್ಕೆ ಸಿಟ್ಟು ಬರೋದು. ಸಿಟ್ಟು ಏರೋವರೆಗಾದ್ರೂ ತಡೀರಿ."

ಇವತ್ತು ಮೂಟೆ ಇರಲಿಲ್ಲ. ಹಿಂದೆ ನಿಂತಿದ್ದ ಗಂಡನ ಕಂಕುಳಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆಯಿತ್ತು.

"ಇವಳ ತಲೇಲೂ ಅದೇ ಗಡ್ಡೆಯಂತೆ," ಎಂದ ಅವನು. "ಗುರುವಾರ ಕೊಯ್ತಾರಂತೆ. ರಸ ಹಾಕಿದ್ರೆ ನಿಮ್ಮ ಗಾಜಿನ ತಟ್ಟೇಲಿ ಆ ಕಣ ಸಾಯ್ತವಲ್ಲ, ಮತ್ತೆ ಕತ್ತಿ ಯಾಕೆ? ದಿನಕ್ಕೆ ಎಷ್ಟು ಎಸಳು ಅಂತ ಹೇಳಿ, ಸಾಕು."

"ಹದಿನೈದು ದಿನದಿಂದ ತಿನ್ನಿಸ್ತಾನೇ ಇದಾರೆ," ಎಂದಳು ಹೆಂಡತಿ. "ಮನೆ ಬೆಕ್ಕೂ ನನ್ನ ಹತ್ರ ಸುಳಿಯಲ್ಲ."

ಸಂಶೋಧಕಿ ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಎಳೆದು ಹೆಂಗಸನ್ನು ಕೂರಿಸಿದಳು. ಒಂದು ತಟ್ಟೆಯಲ್ಲಿ ಕಣಗಳು ಕಾಲು ಚಾಚಿ ಒತ್ತೊತ್ತಾಗಿ ಹಬ್ಬಿದ್ದವು. ರಸ ಹಾಕಿದ ಇನ್ನೊಂದರಲ್ಲಿ ಮುದುರಿ, ಅಲ್ಲೊಂದು ಇಲ್ಲೊಂದು ತೇಲುತ್ತಿದ್ದವು. ಹೆಂಗಸು ಅದರಿಂದ ಕಣ್ಣು ಕೀಳಲಿಲ್ಲ.

"ಇವು ಯಾರವು?"

"ಯಾರವೋ. ಯಾವಾಗಲೋ ತೆಗೆದದ್ದು, ಇನ್ನೂ ಬೆಳೀತಾನೇ ಇವೆ."

"ಅವರು ಇದಾರಾ?"

"ಗೊತ್ತಿಲ್ಲ ಅಕ್ಕಾ."

ಸಂಶೋಧಕಿ ಗಂಡನ ಕಡೆ ತಿರುಗಿದಳು. "ಇಲ್ಲಿ ನಾನು ಕೈಯಾರೆ ಸುರೀತೀನಿ ಅಣ್ಣ. ತಿಂದದ್ದು ಹೊಟ್ಟೆ, ಲಿವರ್ ಎಲ್ಲ ದಾಟಿ ಮಿದುಳಿನ ಬಾಗಿಲಿಗೆ ಹೋಗಬೇಕು. ಆ ಬಾಗಿಲು ಬಂದವರಿಗೆಲ್ಲ ತೆರೆಯಲ್ಲ. ಇಷ್ಟು ಎಸಳು ಅಂತ ಹೇಳಿದ್ರೆ ಸುಳ್ಳು ಹೇಳಿದ ಹಾಗೆ. ಗುರುವಾರ ತಪ್ಪಿಸಬೇಡಿ."

"ಹಾಗಾದ್ರೆ ನಾಲ್ಕು ವರ್ಷ ಮಾಡಿದ್ದೇನು ತಾಯಿ?"

"ಈ ತಟ್ಟೆವರೆಗೆ ಬಂದಿದೀನಿ," ಎಂದಳು.

ಅವನು ಲಕೋಟೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ.

"ನನ್ನದನ್ನ ತೆಗೆದ ಮೇಲೆ ಏನು ಮಾಡ್ತಾರೆ?" ಹೆಂಗಸು ಇನ್ನೂ ನೋಡುತ್ತಲೇ ಕೇಳಿದಳು.

"ಒಂದಿಷ್ಟು ಪರೀಕ್ಷೆಗೆ ಕಳಿಸ್ತಾರೆ. ಉಳಿದದ್ದು ಬಿಸಾಕ್ತಾರೆ."

"ಬಿಸಾಕೋದನ್ನ ನೀವೇ ಇಟ್ಕೊಳ್ಳಿ. ಮೇಲಿನ ಹೊಲದ ಬೆಳ್ಳುಳ್ಳಿ ಹಾಕಿ ನೋಡಿ, ಅದಕ್ಕೆ ಘಾಟು ಜಾಸ್ತಿ. ಏನಾಯ್ತು ಅಂತ ಮಾತ್ರ ನನಗೆ ಹೇಳಬೇಕು."

"ವೈದ್ಯರು ಒಪ್ಪಬೇಕು. ನೀವು ಸಹಿ ಹಾಕಬೇಕು."

"ಹಾಕ್ತೀನಿ." ಗಂಡನತ್ತ ನೋಡಿ, "ಗುರುವಾರ ಬೆಳಿಗ್ಗೆ ಬೇಗ ಹೊರಡೋಣ ರೀ," ಎಂದಳು. ಅವನು ನೆಲ ನೋಡುತ್ತ ತಲೆಯಾಡಿಸಿದ.

"ಎಲ್ಲಿದೆ ಅಂದ್ರು?" ಸಂಶೋಧಕಿ ಮೆಲ್ಲಗೆ ಕೇಳಿದಳು.

ಹೆಂಗಸು ಅವಳ ಕೈ ಹಿಡಿದು, ರಬ್ಬರಿನ ಗವಸು ಕಳಚಿ, ತನ್ನ ಎಡಗಿವಿಯ ಮೇಲಕ್ಕೆ ಒಯ್ದಳು. "ಇನ್ನೂ ಮೇಲೆ. ಹಾಂ, ಅಲ್ಲೇ." ಬಿಸಿಲಲ್ಲಿ ನಡೆದು ಬಂದವಳ ಕೂದಲು ಬೆಚ್ಚಗಿತ್ತು. ಸಂಶೋಧಕಿಯ ಬೆರಳುಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು.