ಎಳೆಯುವುದು ಬೇರೆ, ಹಿಡಿದು ನಿಲ್ಲಿಸುವುದು ಬೇರೆ

"ಬ್ರೇಕ್ ಒತ್ಬೇಡ! ಕ್ಲೈವ್, ಒತ್ಬೇಡ ಅಂದ್ರೆ!"

ಹೇಝಲ್ ಕೂಗುವಷ್ಟರಲ್ಲಿ ಕಾರಿನ ಹಿಂಭಾಗ ಎರಡನೇ ಸಲ ಪಕ್ಕಕ್ಕೆ ಜಾರಿತು. ಹಿಂದೆ ಕಟ್ಟಿಕೊಂಡು ಬಂದಿದ್ದ ಕ್ಯಾರವಾನ್, ಅಂದರೆ ಮಂಚ, ಒಲೆ, ಬಚ್ಚಲು ಎಲ್ಲ ಇದ್ದ ಆ ಗಾಲಿಮನೆ, ಬದಿಗನ್ನಡಿಯಲ್ಲಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ಬಲಗಡೆಯಿಂದ ದಾಟಿಹೋದ ಲಾರಿಯ ಗಾಳಿ ಅದನ್ನು ಅಲ್ಲಾಡಿಸಿತ್ತು. ಯಾರ್ಕ್ ಪಟ್ಟಣ ದಾಟಿದ ಮೇಲಿನ ಇಳಿಜಾರು ಉಳಿದ ಕೆಲಸ ಮಾಡಿತ್ತು. ಕ್ಲೈವ್ ಹೆಂಡತಿಯ ಮಾತು ಕೇಳಿದ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗ್ ನೇರಕ್ಕೆ ಹಿಡಿದ. ಬಾಲ ಬಡಿದು ಬಡಿದು ಸುಸ್ತಾದ ಮೊಸಳೆಯಂತೆ ಕ್ಯಾರವಾನ್ ಕೊನೆಗೆ ತಣ್ಣಗಾಯಿತು.

ರಸ್ತೆ ಬದಿಯ ತಂಗುಜಾಗದಲ್ಲಿ ಇಬ್ಬರೂ ಇಳಿದರು. ಅವರ ಹಿಂದೆಯೇ ತನ್ನ ಕ್ಯಾರವಾನ್ ಎಳೆದುಕೊಂಡು ಬರುತ್ತಿದ್ದ ಗೆಳತಿ ಡೊರೀನ್ ಕೂಡ ಬಂದು ನಿಂತಳು. ಮೂವತ್ತು ವರ್ಷ ಕಲ್ಲುಕ್ವಾರಿಯ ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗಿದ ಹೆಂಗಸು ಅವಳು. ತೂಕದ ವಿಷಯದಲ್ಲಿ ಯಾರ ಮುಲಾಜೂ ನೋಡುವವಳಲ್ಲ.

"ಗಾಳಿ," ಅಂದ ಕ್ಲೈವ್. "ಬರೀ ಗಾಳಿ."

"ಗಾಳಿ ನಂಗೂ ಬೀಸ್ತು ಕಣಯ್ಯಾ. ನನ್ದು ಕುಣೀಲಿಲ್ಲ."

"ನನ್ ಕಾರಿಗೆ ಶಕ್ತಿ ಏನ್ ಕಮ್ಮಿ? ಸಾವಿರದ ಐನೂರು ಕಿಲೋ ಎಳಿಯುತ್ತೆ ಅಂತ ಪುಸ್ತಕದಲ್ಲೇ ಇದೆ."

"ಎಳಿಯುತ್ತೆ. ಯಾರು ಇಲ್ಲ ಅಂದ್ರು? ಎಳಿಯೋದು ಇಂಜಿನ್ ಕೆಲಸ. ಅಡ್ಡಾದಿಡ್ಡಿ ಹೋಗದ ಹಾಗೆ ಹಿಡಿಯೋದು ಕಾರಿನ ಮೈಭಾರದ ಕೆಲಸ. ನಿನ್ ಕಾರಿನ ಸ್ವಂತ ತೂಕ ಎಷ್ಟು, ಹೇಳು?"

ಆ ಕಾರಿನಲ್ಲಿ ಎಷ್ಟು ಸ್ಪೀಕರುಗಳಿವೆ ಎಂದು ಕ್ಲೈವ್‌ಗೆ ಗೊತ್ತಿತ್ತು. ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದೂ ಗೊತ್ತಿತ್ತು.

ಡೊರೀನ್ ಕಾರಿನ ಕೈಪಿಡಿ ತೆರೆದಳು. ಸಾವಿರದ ಮುನ್ನೂರು ಕಿಲೋ. ಕ್ಯಾರವಾನಿನ ಬಾಗಿಲ ಪಕ್ಕ ಬಡಿದಿದ್ದ ಪುಟ್ಟ ಫಲಕ ಓದಿದಳು. ಸಾಮಾನು ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ ಸಾವಿರದ ನಾನೂರು. ಎಳೆಯುವವನಿಗಿಂತ ಎಳೆಸಿಕೊಳ್ಳುವವನೇ ಭಾರ! ಎತ್ತಿಗಿಂತ ಬಂಡಿ ಭಾರವಾದರೆ ಇಳಿಜಾರಿನಲ್ಲಿ ಬಂಡಿಯೇ ಎತ್ತನ್ನು ಅಟ್ಟಿಕೊಂಡು ಹೋಗುತ್ತದೆ.

"ಕಾರು ನೂರು ಕಿಲೋ ಇದ್ರೆ ಕ್ಯಾರವಾನ್ ಎಂಬತ್ತೈದು ದಾಟಬಾರದು," ಅಂದಳು ಡೊರೀನ್. "ಇದು ಕಾನೂನಲ್ಲ, ಅನುಭವ. ನಿಮ್ಮ ಗಾಲಿಮನೆಗೆ ಸಾವಿರದ ಆರ್ನೂರೈವತ್ತಕ್ಕೆ ಕಮ್ಮಿ ಇಲ್ಲದ ಕಾರು ಬೇಕು."

ಹೇಝಲ್‌ಗೆ ಕಾರು ಕೊಂಡ ದಿನ ನೆನಪಾಯಿತು. ಅವಳು ಕೇಳಿದ್ದಳು! ಶೋರೂಮಿನಲ್ಲಿ, ಹಳೆಯ ಭಾರದ ಡೀಸೆಲ್ ಕಾರನ್ನು ಬದಲಿಗೆ ಕೊಡುವ ಮೊದಲೇ, "ನಮ್ಮಲ್ಲಿ ಕ್ಯಾರವಾನ್ ಇದೆ" ಎಂದು ಎರಡೆರಡು ಸಲ ಹೇಳಿದ್ದಳು. ಅಲ್ಲಿನ ಮಾರಾಟಗಾರ ಫಲಕದಲ್ಲಿ ಏನಿದೆ ಎಂದು ಕೇಳಲಿಲ್ಲ. ಖಾಲಿ ಇದ್ದಾಗಿನ ತೂಕ ಕೇಳಿಕೊಂಡು, "ಆಟಿಕೆ ಎಳೆದ ಹಾಗೆ ಮೇಡಮ್" ಎಂದು ನಕ್ಕಿದ್ದ. ಖಾಲಿ ಕ್ಯಾರವಾನ್ ಎಳೆದುಕೊಂಡು ಯಾರಾದರೂ ರಜೆಗೆ ಹೋಗುತ್ತಾರೆಯೇ?

"ಹಿಂದೆ ಏನೇನ್ ತುಂಬಿದ್ದೀರಿ?" ಎಂದು ಡೊರೀನ್ ಹಿಂಬದಿಯ ಬಚ್ಚಲಿನ ಬಾಗಿಲು ತೆರೆದಳು. ಕ್ಯಾರವಾನಿನ ಮುಂದೆ ಹಾಕುವ ಚಪ್ಪರದ ಕಂಬಗಳು, ಒಂದು ಮೂಟೆ ಆಲೂಗಡ್ಡೆ, ನಲವತ್ತು ಡಬ್ಬಿ ಬೀನ್ಸ್.

"ನಾವು ರಜೆಗೆ ಹೋಗ್ತಿರೋ ಸ್ಕಾರ್ಬರೊದಲ್ಲಿ ಬೀನ್ಸ್ ಸಿಗಲ್ವೇನೆ, ಹೇಝಲ್?"

"ಸಿಗುತ್ತೆ, ಎರಡರಷ್ಟು ಬೆಲೆಗೆ! ಆ ಕ್ಯಾಂಪಿನ ಅಂಗಡಿಯವನು ಹಗಲುದರೋಡೆಕೋರ."

"ಶವದ ಪೆಟ್ಟಿಗೆ ಮಾರೋನು ಅವನಿಗಿಂತ ದುಬಾರಿ ಕಣೆ. ಭಾರ ಎಲ್ಲ ಬಾಲದಲ್ಲಿ ಇಟ್ರೆ ಅದು ಬಾಲ ಆಡಿಸದೆ ಇನ್ನೇನು ಮಾಡುತ್ತೆ? ಭಾರದ್ದು ಗಾಲಿ ನೇರಕ್ಕೆ, ನೆಲದ ಮೇಲೆ. ಮುಂದಿನ ಕೊಂಡಿ ಮೇಲೂ ಒಂದಿಷ್ಟು ಭಾರ ಕೂತಿರ್ಬೇಕು."

ಸಾಮಾನು ಸರಿಸಿದರು. ಡೊರೀನ್ ತನ್ನ ಕ್ಯಾರವಾನನ್ನು ಅಲ್ಲೇ ಕಳಚಿಟ್ಟು, ತನ್ನ ಹಳೆಯ, ಭಾರದ ಕಾರಿಗೆ ಹೇಝಲ್‌ಳದನ್ನು ಸಿಕ್ಕಿಸಿದಳು. ಹೇಝಲ್ ಪಕ್ಕದಲ್ಲಿ ಕುಳಿತು ಬದಿಗನ್ನಡಿಯಿಂದ ಕಣ್ಣು ಕೀಳಲಿಲ್ಲ. ಕ್ಲೈವ್ ತನ್ನ ಕಾರಿನಲ್ಲಿ ಹಿಂಬಾಲಿಸಿದ. ಅದೇ ರಸ್ತೆ, ಅದೇ ಗಾಳಿ. ಕ್ಯಾರವಾನ್ ಸಾಧು ಹಸುವಿನಂತೆ ಹಿಂದೆ ಬಂತು. ಹತ್ತಿರದ ಧಾನ್ಯದ ಮಂಡಿಯ ವೇಬ್ರಿಡ್ಜಿನಲ್ಲಿ ಅದನ್ನು ಬೇರೆಯಾಗಿ ತೂಗಿದಾಗ ಸಾವಿರದ ನಾನೂರ ಮೂವತ್ತು ಕಿಲೋ ತೋರಿಸಿತು. ಫಲಕದ ಮಿತಿಯನ್ನೂ ದಾಟಿತ್ತು. ಬೀನ್ಸು, ಆಲೂಗಡ್ಡೆ ಅಲ್ಲೇ ಕೆಳಗಿಳಿದವು.

ಕ್ಲೈವ್ ತೂಕದ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "ಹಾಗಾದ್ರೆ ಕ್ಯಾರವಾನ್ ಮಾರಿಬಿಡೋಣ."

"ಇಪ್ಪತ್ತೆರಡು ವರ್ಷ ಶಾಲೆ ಅಡುಗೆಮನೇಲಿ ಬೇರೆಯವರ ಮಕ್ಕಳಿಗೆ ಬೇಯಿಸಿ ಹಾಕಿದ್ದು ಇದಕ್ಕೋಸ್ಕರ ಕ್ಲೈವ್!" ಹೇಝಲ್‌ಳ ದನಿ ಮಂಡಿಯವರನ್ನೂ ತಿರುಗಿ ನೋಡಿಸಿತು. "ಕಾರು ತಪ್ಪಾಯ್ತು ಅಂತ ಒಪ್ಪೋಕೆ ನಾಚಿಕೆ ಅಂತ ನನ್ನ ಮನೆ ಮಾರ್ತೀಯಾ? ಇವತ್ತು ಇಬ್ರೂ ಸಾಯ್ತಿದ್ವಿ. ಗಾಳಿ ಅಂತೆ, ಗಾಳಿ!"

ಕ್ಲೈವ್ ಚೀಟಿಯನ್ನು ಮಡಿಸಿ ಜೇಬಿಗಿಟ್ಟ.

ಮರುದಿನ ಇಬ್ಬರೂ ರಜೆ ಬಿಟ್ಟು, ಕಾರು ಕೊಂಡಿದ್ದ ಶೋರೂಮಿಗೇ ವಾಪಸು ಹೋದರು. ಆ ಮನುಷ್ಯ ಅದೇ ನಗೆ ನಕ್ಕು, ಹೊಳೆಯುವ ದೊಡ್ಡ ಹೈಬ್ರಿಡ್ ಕಾರೊಂದನ್ನು ತೋರಿಸಿದ. ಕ್ಲೈವ್ ಕೈಪಿಡಿ ಕೇಳಿ ಪಡೆದು ಕನ್ನಡಕ ಏರಿಸಿದ. ಆ ಕಾರಿಗೆ ಏನನ್ನೂ ಎಳೆಯುವ ಅನುಮತಿಯೇ ಇರಲಿಲ್ಲ.

"ದೊಡ್ಡದಾಗಿದೆಯಲ್ಲ ಅಂತ..." ಎಂದ ಆತ. ಮರುಕ್ಷಣವೇ ಮೇಜಿನ ಕೆಳಗಿನಿಂದ ಅಲ್ಲಾಟ ತಡೆಯುವ ಉಕ್ಕಿನ ಸ್ಟೆಬಿಲೈಸರ್ ಒಂದನ್ನು ತೆಗೆದಿಟ್ಟ. "ಬಿಡಿ ಸರ್, ಈಗಿರೋ ಕಾರೇ ಇರಲಿ. ಇದನ್ನ ಕೊಂಡಿಗೆ ಹಾಕಿಸಿಕೊಡ್ತೀನಿ. ನಮ್ಮ ಕಡೆಯಿಂದ ಉಚಿತ. ಇನ್ನು ಅಲ್ಲಾಡೋ ಮಾತೇ ಇಲ್ಲ."

ಓದುತ್ತಿರುವವರೇ, ನಿಮ್ಮ ಮುಂದೆಯೂ ಇಂಥವನೊಬ್ಬ ನಗುತ್ತಾ ನಿಲ್ಲುತ್ತಾನೆ. ಅವನ ನಗೆ ನೋಡಬೇಡಿ, ಕೈಪಿಡಿ ನೋಡಿ. ಕಾರಿಗೆ ಎಳೆಯುವ ಅನುಮತಿ ಇದೆಯೇ, ಅದರ ಸ್ವಂತ ತೂಕ ಎಷ್ಟು, ನಿಮ್ಮ ಕ್ಯಾರವಾನಿನ ತುಂಬಿದ ತೂಕ ಎಷ್ಟು, ಇಷ್ಟನ್ನು ಬರೆದು ಕೈಯಲ್ಲಿ ಹಿಡಿದುಕೊಂಡೇ ಅಂಗಡಿ ಹತ್ತಿ. ಸ್ಟೆಬಿಲೈಸರ್ ಒಳ್ಳೆಯ ಜೋಡಿಗೆ ಊರುಗೋಲು, ಹೊಂದದ ಜೋಡಿಗೆ ಮದ್ದಲ್ಲ. ಹೊರಡುವ ಮುಂಚೆ ಒಮ್ಮೆ ತೂಗಿಸಿ. ನಾಚಿಕೆಪಡಬೇಕಾದವರು ಕೇಳುವ ನೀವಲ್ಲ, ಹೇಳದ ಅವರು.

ಹೇಝಲ್ ಬಾಯಿ ತೆರೆಯುವ ಮೊದಲೇ ಕ್ಲೈವ್ ಆ ಉಕ್ಕಿನ ತುಂಡನ್ನು ಒಂದು ಬೆರಳಿನಿಂದ ಮೇಜಿನ ಆಚೆ ಬದಿಗೆ ತಳ್ಳಿದ.

"ಬೇಡ," ಅಂದ. "ಉಚಿತ ಆದ್ರೂ ಬೇಡ."