ಬೇಕಂತಲೇ ಸೊಟ್ಟಗಾದ ಚಾಸಿ

ಮೇಸ್ತ್ರಿಯ ಪಿಕಪ್ ಗಾಡಿ ಎರಡು ತುಂಡಾಗಿ ವರ್ಕ್‌ಶಾಪಿನಲ್ಲಿ ಬಿದ್ದಿತ್ತು. ಮುಂದಿನ ಅರ್ಧ ಬಾಗಿಲ ಕಡೆ, ಹಿಂದಿನ ಅರ್ಧ ಗೋಡೆಯ ಕಡೆ, ನಡುವೆ ಒಬ್ಬರು ಆರಾಮಾಗಿ ಓಡಾಡುವಷ್ಟು ಜಾಗ. ಕತ್ತರಿಸಿದವಳು ಮೇಸ್ತ್ರಿಯ ಮಗಳೇ. ಗಿರಾಕಿಗಳು ಅವಳನ್ನು ಮರಿಮೇಸ್ತ್ರಿ ಎನ್ನುತ್ತಿದ್ದರು. ಮೊದಮೊದಲು ಅದು ಚೇಷ್ಟೆಯ ಮಾತಾಗಿತ್ತು. ಅವಳು ಕಟ್ಟಿದ ಬಾಗಿಲು, ಬಾನೆಟ್ಟು ನೋಡಿದ ಮೇಲೆ ಚೇಷ್ಟೆ ಹೋಗಿ ಹೆಸರು ಮಾತ್ರ ಉಳಿದಿತ್ತು.

ಗಾಡಿ ಮೇಸ್ತ್ರಿಯ ಮದುವೆಗಿಂತ ಹಳೆಯದು. ಗುಂಡನೆ ಮೂತಿ, ಹಿಂದೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದದ ತೊಟ್ಟಿ. ಓಣಿಯ ಕೊನೆಯಲ್ಲಿ ಅದನ್ನು ತಿರುಗಿಸುವುದೆಂದರೆ ಹರಸಾಹಸ. ಒಂದು ಮೊಳ ಗಿಡ್ಡ ಮಾಡಿದರೆ ಒಂದೇ ಏಟಿಗೆ ತಿರುಗುತ್ತದೆ ಎಂದು ಮೇಸ್ತ್ರಿ ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದರು. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಶಾಲೆಯ ಗೇಟಿನ ಹತ್ತಿರ ಆ ಘಟನೆ ನಡೆದ ಮೇಲೆ ಅಮ್ಮ ಮಗಳಿಬ್ಬರಿಗೂ ಆ ಮಾತು ಇದ್ದಕ್ಕಿದ್ದಂತೆ ನೆನಪಾಯಿತು.

ಅವತ್ತು ಮೇಸ್ತ್ರಿ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮಗಳ ಕಣ್ಣು ಕನ್ನಡಿಯ ಮೇಲಿತ್ತು. ಹಿಂದೆ ಪುಟ್ಟ ಹುಡುಗಿಯೊಬ್ಬಳು ಕುಕ್ಕರಗಾಲಲ್ಲಿ ಕೂತು ಶೂ ದಾರ ಕಟ್ಟಿಕೊಳ್ಳುತ್ತಿದ್ದಳು. ಅಪ್ಪನಿಗೆ ಕಾಣುತ್ತದೆ, ಈಗ ನಿಲ್ಲಿಸುತ್ತಾರೆ ಎಂದುಕೊಂಡಳು. ಅವರು ನಿಲ್ಲಿಸಲಿಲ್ಲ. ಗೇಟಿನ ಕಾವಲುಗಾರ ಓಡಿಬಂದು ಮಗುವನ್ನು ಬ್ಯಾಗಿನ ಸಮೇತ ಎಳೆದುಕೊಂಡ. ಮೇಸ್ತ್ರಿಗೆ ಇದ್ಯಾವುದೂ ಗೊತ್ತಾಗಲಿಲ್ಲ. "ಈ ಉದ್ದದ ಗಾಡೀನ ಇಷ್ಟು ನೀಟಾಗಿ ರಿವರ್ಸ್ ತೆಗಿಯೋರು ಈಗ ಯಾರಿದ್ದಾರೆ ಹೇಳು" ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡರು.

ಅಡುಗೆಮನೆಯಲ್ಲಿ ಅಮ್ಮನ ಮುಂದೆ ಮಾತ್ರ ಬಾಯಿಬಿಟ್ಟಳು. ಅಮ್ಮ ಒಲೆ ಆರಿಸಿ, ದನಿ ತಗ್ಗಿಸಿದಳು.

"ವಯಸ್ಸಾಯ್ತು, ಗಾಡಿ ಓಡಿಸೋದು ನಿಲ್ಲಿಸಿ ಅಂತ ಅವರಿಗೆ ಹೇಳೋ ಧೈರ್ಯ ನಿನಗಿದ್ಯಾ? ನನಗಂತೂ ಇಲ್ಲ, ಮನೆ ಮಾಡು ಹಾರಿಹೋಗುತ್ತೆ. ಗಿಡ್ಡ ಮಾಡ್ತೀನಿ ಅಂತ ಕತ್ತರಿಸಿ ಹಾಕು. ತುಂಡಾದ ಗಾಡಿ ಎಲ್ಲಿಗೆ ಓಡುತ್ತೆ."

ಹೀಗೆ ಗಾಡಿ ತುಂಡಾಯಿತು. ಮೇಸ್ತ್ರಿ ಮಗುವಿನ ಹಾಗೆ ಖುಷಿಪಟ್ಟರು. ದಿನಾ ಬೆಳಗ್ಗೆ ಬಂದು ಸ್ಟೂಲಿನ ಮೇಲೆ ಕೂತು "ಇವತ್ತು ಜೋಡಿಸೋದಾ?" ಎಂದು ಕೇಳುವರು. ಅವಳ ಹತ್ತಿರ ದಿನಕ್ಕೊಂದು ನೆಪ ಸಿದ್ಧವಿರುತ್ತಿತ್ತು. ಗ್ಯಾಸ್ ಮುಗಿದಿದೆ. ಲೇತ್‌ನವನು ಹಿಂದಿನ ಚಕ್ರ ತಿರುಗಿಸೋ ಶಾಫ್ಟ್ ಗಿಡ್ಡ ಮಾಡಿ ಕೊಟ್ಟಿಲ್ಲ. ಪ್ಲೇಟು ತೆಳುವಾಯಿತು, ಬೇರೆ ತರಿಸಬೇಕು. ಶಾಫ್ಟು ಆಗಲೇ ಬಂದು ಬೀರುವಿನ ಹಿಂದೆ ಗೋಣಿಚೀಲದಲ್ಲಿ ಬೆಚ್ಚಗಿತ್ತು. ಅದರ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಅವಳಿಗೆ ಮೈ ಹಿಡಿಯಾಗುತ್ತಿತ್ತು.

ನೆಪಗಳು ಖಾಲಿಯಾದಾಗ ಅವಳು ಮಾಡಬಾರದ ಕೆಲಸ ಮಾಡಿದಳು. ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಜೋಡಿಸುವಾಗ ಓರೆಯಾಗಿ ಎದುರುಬದುರು ಮೂಲೆಗಳಿಗೆ ದಾರ ಹಿಡಿದು ಅಳೆಯಬೇಕು. ಎರಡು ಅಳತೆಯೂ ಒಂದೇ ಇದ್ದರೆ ಚಾಸಿ ನೇರ. ಅವಳು ಬೇಕಂತಲೇ ಒಂದು ಬದಿಯನ್ನು ತುಸು ಸರಿಸಿ ಸದ್ಯಕ್ಕೆ ಹಿಡಿದು ನಿಲ್ಲುವಷ್ಟು ಬೆಸುಗೆಯ ಟಾಕೆ ಹಾಕಿದಳು. ಮೇಸ್ತ್ರಿ ಎದ್ದುಬಂದು ದಾರ ಹಿಡಿದರು. ಇನ್ನೊಮ್ಮೆ ಹಿಡಿದರು. ಬೈಯುತ್ತಾರೆ ಎಂದು ಅವಳು ಕಾದಳು. ಅವರು ದಾರ ಸುತ್ತಿ ಜೇಬಿಗೆ ಹಾಕಿಕೊಂಡು, "ಹೋಗಲಿ ಬಿಡು ಕಂದ, ಬಿಚ್ಚು" ಎಂದರು. ಕಂದ ಎನ್ನುವ ಮಾತು ಅವರ ಬಾಯಿಂದ ಅವಳು ಕೇಳಿದ್ದೇ ಅಪರೂಪ.

ಅಲ್ಲಿಂದ ಮೇಸ್ತ್ರಿ ಮಂಕಾದರು. ಇವತ್ತು ಜೋಡಿಸೋದಾ ಎಂದು ಕೇಳುವುದನ್ನೇ ಬಿಟ್ಟರು.

ಒಂದು ದಿನ ಹಳೆಯ ಗಿರಾಕಿಯೊಬ್ಬ ಲಾರಿಯ ಚಾಸಿ ಬಿರುಕು ಬಿಟ್ಟಿದೆಯೆಂದು ಬಂದ. "ಮರಿಮೇಸ್ತ್ರಿ ಮಾಡ್ತಾಳಲ್ಲ?" ಎಂದು ಕೇಳಿದ. ಅವಳು ಹೂಂ ಎನ್ನುವುದರೊಳಗೆ ಮೇಸ್ತ್ರಿ ಅಡ್ಡ ಬಂದರು.

"ಬೇರೆ ಕಡೆ ತೋರಿಸಿಬಿಡಿ. ಚಾಸಿ ಕೆಲಸ ಅವಳಿಗೆ ಬರಲ್ಲ. ತಪ್ಪು ಅವಳದ್ದಲ್ಲ, ನಂದು. ಹುಡುಗಿ, ತಗಡಿನ ಕೆಲಸ ಸಾಕು ಅಂತ ನಾನೇ ಪೂರ್ತಿ ಹೇಳಿಕೊಡಲಿಲ್ಲ. ಕೇಳಿದಾಗೆಲ್ಲ ಟೀ ತಗೊಂಡು ಬಾ ಅಂತ ಕಳಿಸ್ತಿದ್ದೆ."

ಗಿರಾಕಿ ಮುಖ ಮುಖ ನೋಡಿ ಹೊರಟುಹೋದ. ತನ್ನ ಕೆಲಸದ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಪ್ಪ, ನನಗೆ ಬರುತ್ತೆ. ಟೀ ತರೋಕೆ ಕಳಿಸ್ತಿದ್ದೆಯಲ್ಲ, ತಂದು ಬಾಗಿಲ ಮರೇಲಿ ನಿಂತು ನೋಡಿಯೇ ಒಳಗೆ ಬರ್ತಿದ್ದೆ. ಅದಕ್ಕೇ ನಿನಗೆ ಯಾವಾಗ್ಲೂ ಆರಿದ ಟೀ ಸಿಗ್ತಿತ್ತು."

ಮೇಸ್ತ್ರಿ ನಕ್ಕರು. ನಂಬಿದ ನಗು ಅಲ್ಲ ಅದು. "ನನ್ನ ಸಮಾಧಾನಕ್ಕೆ ಹೇಳಬೇಡ. ಸೊಟ್ಟಗೆ ಕೂಡಿಸಿದ್ದು ನಾನೇ ನೋಡಿದೀನಲ್ಲ."

ಈಗ ಅವಳು ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ಬಾಯಿಮಾತನ್ನು ಅಪ್ಪ ನಂಬುವುದಿಲ್ಲ. ನಂಬಬೇಕೆಂದರೆ ಚಾಸಿ ಕೂಡಿಸಿಯೇ ತೋರಿಸಬೇಕು. ಕೂಡಿಸಿದರೆ ಗಾಡಿ ಓಡುತ್ತದೆ. ಓಡಿದರೆ ಮತ್ತೆ ಆ ಗೇಟು, ಆ ಮಕ್ಕಳು. ಬಿಟ್ಟರೆ ಈ ಮನುಷ್ಯ ಮಾಡದ ತಪ್ಪನ್ನು ಎದೆಯ ಮೇಲೆ ಹೊತ್ತುಕೊಂಡೇ ಸವೆಯುತ್ತಾರೆ. ಎಲ್ಲ ತನ್ನಿಂದ.

ಬೀರುವಿನ ಹಿಂದಿನಿಂದ ಶಾಫ್ಟಿದ್ದ ಗೋಣಿಚೀಲ ಎಳೆದಳು. ನೇರ ಗೆರೆಯಲ್ಲಿ ಬೆಸೆದ ಚಾಸಿ ಭಾರ ಬಿದ್ದಾಗ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕೇ ತುದಿಗಳನ್ನು ಮೆಟ್ಟಿಲಿನ ಹಾಗೆ ಕತ್ತರಿಸಿ ಒಂದಕ್ಕೊಂದು ಕಚ್ಚಿಸಬೇಕು. ಅವಳು ಮೆಟ್ಟಿಲು ಕತ್ತರಿಸಿದಳು, ಉಜ್ಜಿದಳು, ಕಚ್ಚಿಸಿದಳು. ಬಿಸಿಗೆ ಕಬ್ಬಿಣ ಎಳೆದುಕೊಳ್ಳದಂತೆ ಈ ಬದಿ ಸ್ವಲ್ಪ, ಆ ಬದಿ ಸ್ವಲ್ಪ ಬೆಸೆಯುತ್ತ ಹೋದಳು. ಒಳಗಿನಿಂದ ಪ್ಲೇಟು ಕೊಟ್ಟು ಬಿಗಿದಳು. ಮೇಸ್ತ್ರಿ ಸ್ಟೂಲು ಬಿಟ್ಟು ಎದ್ದವರು ಮತ್ತೆ ಕೂರಲೇ ಇಲ್ಲ.

ಎಲ್ಲ ತಣ್ಣಗಾದ ಮೇಲೆ ಅವರು ದಾರ ಹಿಡಿದರು. ಈ ಮೂಲೆಯಿಂದ ಆ ಮೂಲೆ, ಆ ಮೂಲೆಯಿಂದ ಈ ಮೂಲೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಮುಖ ಅರಳಿತು. "ಕಳ್ಳಿ" ಎಂದು ಅವಳ ಬೆನ್ನಿಗೆ ಗುದ್ದಿದರು. ಹೆಗಲ ಮೇಲಿದ್ದ ಭಾರ ಇಳಿಸಿದವರ ಹಾಗೆ ಉಸಿರುಬಿಟ್ಟರು.

ಆಮೇಲೆ ಅವರ ಕಣ್ಣು ನೆಲದ ಮೇಲೆ ಬಿದ್ದಿದ್ದ ಗೋಣಿಚೀಲದ ಕಡೆ ಹೋಯಿತು. ಶಾಫ್ಟು ಬಂದು ಬಹಳ ದಿನವಾಗಿದೆಯೆಂದು ಅದರ ಮೇಲೆ ಕೂತಿದ್ದ ಧೂಳೇ ಹೇಳುತ್ತಿತ್ತು. ಅರಳಿದ್ದ ಮುಖ ಮೆಲ್ಲಗೆ ಇಳಿಯಿತು.

"ಇಷ್ಟು ಚೆನ್ನಾಗಿ ಬರೋ ಕೆಲಸಾನ ಯಾಕೆ ಕೆಡಿಸಿದೆ?"

ಅವಳು ಎಲ್ಲವನ್ನೂ ಹೇಳಿದಳು. ಶೂ ದಾರ, ಕನ್ನಡಿ, ಕಾವಲುಗಾರ. ಅಮ್ಮನ ಹೆಸರು ಎತ್ತಲಿಲ್ಲ. ಮೇಸ್ತ್ರಿ ಕೇಳಿಸಿಕೊಳ್ಳುತ್ತ ದಾರ ಸುತ್ತಿ ಜೇಬಿಗೆ ಹಾಕಿಕೊಂಡರು.

"ಅವತ್ತೇ ಹೇಳಿದ್ರೆ ನಾನೇ ಗಾಡಿ ಓಡಿಸೋದು ನಿಲ್ಲಿಸ್ತಿದ್ದೆ" ಎಂದರು. ಆಮೇಲೆ ತಾವೇ ತಲೆಯಾಡಿಸಿದರು. "ಇಲ್ಲ, ನಿಲ್ಲಿಸ್ತಿರಲಿಲ್ಲ. ನಿನ್ನ ಮೇಲೇ ಕೂಗಾಡ್ತಿದ್ದೆ."

"ಈಗ ಕೂಗಾಡಪ್ಪ" ಎಂದಳು ಅವಳು. ನಿಜಕ್ಕೂ ಅವಳಿಗೆ ಬೇಕಾಗಿದ್ದದ್ದು ಅದೇ.

ಅವರು ಕೂಗಾಡಲಿಲ್ಲ. "ಆ ಮಗೂಗೆ ಎಷ್ಟು ವಯಸ್ಸಿರಬಹುದು?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಅಲ್ಲೇ ಚಾಸಿಯ ಮೇಲೆ ಕುಸಿದು ಕೂತರು. ಜೇಬಿನಿಂದ ಗಾಡಿಯ ಕೀಲಿ ತೆಗೆದು ಅವಳ ಕೈಗಿಟ್ಟರು.