ಮರಕ್ಕೆ ಬಂದ ಹಲ್ಲು

ಮರ ಕಡೆಯುವ ಆ ಲೇತ್ ಯಂತ್ರವನ್ನು ಮನೆಗೆ ತಂದವರು ಮೇಷ್ಟ್ರು. ಕುರ್ಚಿಗೆ ತಾನೇ ಕಾಲು ಕಡೆದುಕೊಳ್ಳುತ್ತೇನೆಂದು ಹೊರಟವರ ಉತ್ಸಾಹ ಒಂದೂವರೆ ಕಾಲಿಗೇ ಮುಗಿದುಹೋಯಿತು. ಆಮೇಲೆ ಅದು ಹಿಂದಿನ ಕೋಣೆಯಲ್ಲಿ ಒದ್ದೆ ಟವೆಲ್ ಒಣಹಾಕುವ ಗೂಟವಾಗಿತ್ತು. ಒಂದು ಭಾನುವಾರ ಟವೆಲನ್ನು ಪಕ್ಕಕ್ಕೆಸೆದು ಅದರ ಮುಂದೆ ನಿಂತವಳು ಅವರ ಹೆಂಡತಿ, ಹಲ್ಲಿನ ಡಾಕ್ಟರಮ್ಮ.

ಅವಳಿಗೆ ಪೆನ್ನು ಕಡೆಯಬೇಕಿತ್ತು, ಅದೂ ಗಂಟು ಮರದಲ್ಲಿ. ಮರದ ಮೈಮೇಲೆ ಗೆಡ್ಡೆಯ ಹಾಗೆ ಉಬ್ಬಿ ಬೆಳೆಯುವ ಗಂಟನ್ನು ಸೀಳಿದರೆ ಒಳಗೆ ಸುಳಿ, ಕಣ್ಣು, ಮೋಡ, ಏನೇನೋ ಚಿತ್ತಾರ. ಅಂಗಡಿಯಲ್ಲಿ ನೋಡಿದ್ದೇ ತಡ, ಮರುಳಾಗಿಬಿಟ್ಟಿದ್ದಳು.

ಗಂಟು ಮಾರಿದ ಬಡಗಿ ಎಚ್ಚರಿಸಿದ್ದ. "ಡಾಕ್ಟ್ರೇ, ಮೊದಲು ನೇರ ಎಳೆ ಇರೋ ಮರದಲ್ಲಿ ಕೈ ಪಳಗಿಸ್ಕೊಳ್ಳಿ. ಈ ಗಂಟಿಗೆ ತಲೆನೂ ಇಲ್ಲ, ಬುಡನೂ ಇಲ್ಲ."

"ದಿನಾ ಹಲ್ಲು ಕೊರೆಯೋ ಕೈ ಇದು. ಮರ ಯಾವ ಲೆಕ್ಕ ಬಿಡಿ!"

ಕೊರೆಯುವುದೇನೋ ಸಲೀಸಾಗಿಯೇ ಆಯಿತು. ಬೆರಳುದ್ದದ ತುಂಡಿಗೆ ನಡುವೆ ತೂತು, ಆ ತೂತಿಗೆ ಅಂಟು ಸವರಿದ ಹಿತ್ತಾಳೆ ಕೊಳವೆ. ಅಂಟು ಒಣಗಿದ ಮೇಲೆ ಕ್ಲಿನಿಕ್ಕಿನ ಮುಖಗವಸು ಏರಿಸಿ, ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಒತ್ತಿದಳು. ಹೊಟ್ಟು ಹಾರಿತು. ಗುನುಗುವಷ್ಟು ಖುಷಿಯೂ ಬಂತು. ಅಷ್ಟರಲ್ಲಿ ಉಳಿ ಎಲ್ಲೋ ಕಚ್ಚಿಕೊಂಡಿತು. ಫಟ್! ಮರವೆಲ್ಲ ದಿಕ್ಕಾಪಾಲು. ಹಿತ್ತಾಳೆ ಕೊಳವೆಯೊಂದೇ ಬೆತ್ತಲೆಯಾಗಿ ಗಿರಗಿರ ತಿರುಗುತ್ತಿತ್ತು.

ಪಕ್ಕದ ಕೋಣೆಯಿಂದ ಅತ್ತೆ ಕೂಗಿದರು. "ಏನೇ ಅದು, ಗೋಡೆ ಬಿತ್ತಾ?"

"ಮರ ಸರಿ ಇಲ್ಲ ಅತ್ತೆ!"

"ಹೌದ್ ಹೌದು. ಕುಣಿಯೋಕೆ ಬರದವಳಿಗೆ ನೆಲ ಡೊಂಕಂತೆ."

ಎರಡನೆಯದಕ್ಕೂ ಅದೇ ಗತಿಯಾಯಿತು. ಅವಳು ಮುಖ ಊದಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಉಳಿಯ ಅಂಚಿನ ಮೇಲೆ ಉಗುರಾಡಿಸಿ ನೋಡಿದರೆ, ಮೊಂಡು. ಇಂಥ ಮೊಂಡು ಸಲಕರಣೆಯನ್ನು ಅವಳು ಕ್ಲಿನಿಕ್ಕಿನಲ್ಲಿ ಯಾರ ಬಾಯಿಗಾದರೂ ಹಾಕುತ್ತಿದ್ದಳೇ? ಅಲ್ಲಿ ಹೀಗೆ ಭಾರ ಬಿಟ್ಟು ಒತ್ತುತ್ತಿದ್ದಳೇ? ಅಲ್ಲಾದರೆ ರೋಗಿ ಅಯ್ಯೋ ಅನ್ನುತ್ತಾನೆ. ಮರ ಪಾಪ, ಸಿಡಿದೇ ಹೇಳಬೇಕು.

ಉಳಿ ಮಸೆದು, ಮೂರನೆಯ ತುಂಡು ಸಿಕ್ಕಿಸಿದಳು. ಈ ಸಲ ಒತ್ತಲಿಲ್ಲ, ಸುಮ್ಮನೆ ಸೋಕಿಸಿದಳು. ಎಳೆಎಳೆಯಾಗಿ ತೆಳ್ಳನೆ ಸುರುಳಿಗಳು ಬಿಚ್ಚಿಕೊಂಡು ತೋಳಿನ ಮೇಲೆಲ್ಲ ಉದುರಿದವು. ಒಳಗಿನ ಜೇನುಬಣ್ಣದ ಕಣ್ಣುಗಳು ಒಂದೊಂದಾಗಿ ತೆರೆದವು. ಇನ್ನೇನು ಮುಗಿಯಿತು ಅನ್ನುವಾಗ, ಗಂಟಿನೊಳಗೆ ಅಡಗಿದ್ದ ತೊಗಟೆಯ ಚೂರೊಂದು ಕಳಚಿ ಬಿತ್ತು. ಅಲ್ಲೊಂದು ಗುಳಿ.

ಅಳುವೇ ಬಂದಿತ್ತು. ಗುಳಿಯನ್ನು ದಿಟ್ಟಿಸಿದವಳಿಗೆ ಇದ್ದಕ್ಕಿದ್ದಂತೆ ನಗು ಉಕ್ಕಿತು. "ರೀ, ಮರಕ್ಕೆ ಹುಳುಕು ಹಲ್ಲು!"

ಮರುದಿನ ತುಂಡನ್ನು ಕ್ಲಿನಿಕ್ಕಿಗೆ ಒಯ್ದಳು. ಗುಳಿ ಸ್ವಚ್ಛ ಮಾಡಿ, ಹಲ್ಲಿಗೆ ತುಂಬುವ ಬಿಳಿ ಸಾಮಗ್ರಿಯನ್ನೇ ತುಂಬಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದಳು. ಸಂಜೆ ಉಜ್ಜಿ, ಮೆರುಗು ಕೊಟ್ಟು, ರೀಫಿಲ್ ಹಾಕಿದಾಗ ಪೆನ್ನು ಸಿದ್ಧ. ಕಂದು ಮೈಯಲ್ಲಿ ಅಕ್ಕಿಕಾಳಿನಷ್ಟು ಬಿಳಿ.

"ಇದು ಪೆನ್ನೋ ಒನಕೆಯೋ?" ಎಂದರು ಮೇಷ್ಟ್ರು.

"ಒಂದೂವರೆ ಕಾಲು ಕಡೆದವರು ಮಾತಾಡಬಾರದು."

ಅತ್ತೆ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಇದಕ್ಕೆ ಹಲ್ಲು ಬಂದಿದೆಯಲ್ಲೇ!" ಎಂದವರು ಪತ್ರಿಕೆಯ ಅಂಚಿನಲ್ಲಿ ಗೀಚಿದರು. ಇನ್ನೊಮ್ಮೆ ಗೀಚಿದರು. ಬೆರಳ ಗಂಟುಗಳು ಸೆಟೆದುಕೊಂಡ ಮೇಲೆ ಸಣ್ಣ ಪೆನ್ನುಗಳೆಲ್ಲ ಜಾರುತ್ತಿದ್ದವು. ಪದಬಂಧ ತುಂಬುವುದನ್ನೇ ಬಿಟ್ಟಿದ್ದರು. ಸೊಸೆಗೆ ಅದು ಗೊತ್ತೇ ಇರಲಿಲ್ಲ.

"ದಪ್ಪಗಿದೆ. ಕೈಗೆ ಕೂತ್ಕೊಳ್ಳುತ್ತೆ," ಎಂದರು ಮೆಲ್ಲಗೆ. "ಇದು ನನಗಿರಲಿ ಕಣೇ."

ಬಡಗಿಗೆ ತೋರಿಸಿ ಬೀಗಬೇಕೆಂದುಕೊಂಡಿದ್ದ ಪೆನ್ನು. ಆದರೂ ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. "ನಿಮಗೇ ಅತ್ತೆ," ಎಂದಳು.

ಪೆನ್ನಿನ ಕೀರ್ತಿ ಅತ್ತೆಯ ವಾಕಿಂಗ್ ಗೆಳತಿಯರವರೆಗೂ ಹೋಯಿತು. ಮೊದಲು ಬಂದವರು ನಿವೃತ್ತ ನರ್ಸಮ್ಮ. ಅವರಿಗೆಂದು ಡಾಕ್ಟರಮ್ಮ ಕಡೆದ ಪೆನ್ನಿನಲ್ಲಿ ಬಿರುಕಿಲ್ಲ, ಗುಳಿಯಿಲ್ಲ, ಕನ್ನಡಿಯಂಥ ನುಣುಪು. ನರ್ಸಮ್ಮ ತಿರುಗಿಸಿ ಮುರುಗಿಸಿ ನೋಡಿ ತುಟಿ ಉಬ್ಬಿಸಿದರು.

"ಚೆನ್ನಾಗಿದೆ ಡಾಕ್ಟ್ರೇ. ಆದ್ರೆ ಹಲ್ಲೆಲ್ಲಿ?"

"ಇದು ಗಟ್ಟಿ ಮರ ಅಮ್ಮ, ಹಲ್ಲು ಬೇಕಾಗಿಲ್ಲ."

"ಅದೆಲ್ಲ ಗೊತ್ತಿಲ್ಲ. ಅವಳದಕ್ಕಿದೆ, ನನ್ನದಕ್ಕೂ ಬೇಕು."

ಡಾಕ್ಟರಮ್ಮ ನಿಟ್ಟುಸಿರಿಟ್ಟು ಪೆನ್ನನ್ನು ಮತ್ತೆ ಕ್ಲಿನಿಕ್ಕಿಗೆ ಒಯ್ದಳು. ಹುಳುಕಿಲ್ಲದ ಕಡೆ ಕೊರೆದು ತುಂಬಿದ್ದು ಅವಳ ವೃತ್ತಿಯಲ್ಲಿ ಅದೇ ಮೊದಲು.